ದೈವಸಿಗಾಮಣಿ ಉಳಿಸಿದ ಸಮಯ

ಪೊನ್ನಿವೇಲ್ ಪಂಪ್ಸ್ ಕಾರ್ಖಾನೆಯಲ್ಲಿ ಪ್ರಪೋಸಲ್ ವಿಭಾಗ ಎಂಬುದೊಂದಿತ್ತು. ವಿಭಾಗವೆಂದರೆ ದೊಡ್ಡದೇನಲ್ಲ, ದೈವಸಿಗಾಮಣಿ, ಅವನ ಕುರ್ಚಿ, ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟವಲು, ಇಷ್ಟೇ. ಕೊಯಮತ್ತೂರಿನ ಸುತ್ತಮುತ್ತ ಪುರಸಭೆ, ಆಸ್ಪತ್ರೆ, ಹೋಟೆಲು, ಕೋಳಿಫಾರಂ, ಯಾರಿಗೆ ಪಂಪು ಬೇಕಾದರೂ ಕಾಗದ ಇವನ ಮೇಜಿಗೆ ಬರುತ್ತಿತ್ತು. "ನಿಮಗೆ ಇಂಥ ಪಂಪನ್ನು, ಇಂಥ ಬೆಲೆಗೆ, ಇಷ್ಟು ದಿನದಲ್ಲಿ ಕೊಡುತ್ತೇವೆ" ಎಂದು ಅರವತ್ತು ಪುಟದ ಪ್ರಪೋಸಲ್ ತಯಾರಿಸಿ ಕಳಿಸುವುದು ಇವನ ಕೆಲಸ. ಅರವತ್ತು ಪುಟ ಎಂದೊಡನೆ ಹೆದರಬೇಡಿ. ಹೋದ ಸಲದ್ದನ್ನು ತೆಗೆದು, ಪಾರ್ಟಿಯ ಹೆಸರು ಬದಲಿಸಿ, ತಾರೀಖು ತಿದ್ದಿ, ಬೆಲೆ ಒಂದಿಷ್ಟು ಏರಿಸಿದರೆ ಆಯಿತು. ಟಿಫಿನ್ ಮುಗಿಸಿ ಕೂತರೆ ಊಟದ ಹೊತ್ತಿಗೆ ಮುಗಿಯುವ ಕೆಲಸ. ಒಮ್ಮೊಮ್ಮೆ ಯಾವುದೋ ಪುಟದಲ್ಲಿ ಹಳೆಯ ಪಾರ್ಟಿ ಉಳಿದುಹೋಗುವುದೂ ಇತ್ತು. ಒಂದು ಹೆರಿಗೆ ಆಸ್ಪತ್ರೆಗೆ "ತಮ್ಮ ಇಪ್ಪತ್ತು ಸಾವಿರ ಕೋಳಿಗಳಿಗೂ ನೀರಿಗೆ ತೊಂದರೆಯಾಗದು" ಎಂಬ ಭರವಸೆ ಹೋಗಿತ್ತು. ಆಸ್ಪತ್ರೆಯವರು ಏನೂ ಅನ್ನಲಿಲ್ಲ. ಪ್ರಪೋಸಲನ್ನು ಪೂರ್ತಿ ಓದುವ ದುರಭ್ಯಾಸ ಲೋಕದಲ್ಲಿ ಯಾರಿಗೂ ಇಲ್ಲ. ಪಂಪು ಕೊಂಡರು, ಅಷ್ಟೇ.

ಆದರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸಕ್ಕೆ ಯಾರು ಮರ್ಯಾದೆ ಕೊಡುತ್ತಾರೆ? ಅದಕ್ಕೇ ದೈವಸಿಗಾಮಣಿ ಯಾರೇ ಕೇಳಲಿ, "ಒಂದು ಪ್ರಪೋಸಲ್ ಅಂದ್ರೆ ನಲವತ್ತು ಗಂಟೆ ಕೆಲಸ" ಅನ್ನುತ್ತಿದ್ದ. ಹನ್ನೊಂದು ವರ್ಷದಿಂದ ಅದೇ ರಾಗ, ಅದೇ ತಾಳ. ಬೆಳಗಿನ ಕೆಲಸ ಮುಗಿದ ಮೇಲೆ ಸಂಜೆಯವರೆಗೂ ಹುಬ್ಬು ಗಂಟಿಕ್ಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದ. ಹುಬ್ಬು ಗಂಟಿಕ್ಕಿ ಕೂರುವುದೇನು ಸುಲಭವೇ? ಮಾಡಿ ನೋಡಿದವರಿಗೆ ಗೊತ್ತು, ಹಣೆ ಹಿಡಿದುಕೊಳ್ಳುತ್ತದೆ.

ಈ ನಲವತ್ತು ಗಂಟೆ ಕಾರ್ಖಾನೆಗಿಂತ ಬಂಧುಬಳಗದಲ್ಲಿ ಹೆಚ್ಚು ಉಪಯೋಗಕ್ಕೆ ಬಿತ್ತು. ಕಂಗೇಯಂನಲ್ಲಿ ಅವನಿಗೆ ಒಬ್ಬಳೇ ತಂಗಿ, ಸೆಲ್ವನಾಯಕಿ, ಅವನ ಬಾಯಲ್ಲಿ ಮುದ್ದಿಗೆ 'ಅಮ್ಮಿಣಿ'. ಅವಳ ಗಂಡ ಸೆನ್ನಿಯಪ್ಪನ್ ಪಂಪುಗಳಿಗೆ ಮರದ ಪೆಟ್ಟಿಗೆ ಮಾಡಿ ಇದೇ ಕಾರ್ಖಾನೆಗೆ ಹಾಕುತ್ತಿದ್ದ. ತಂಗಿಯ ಮನೆಗೆ ಹೋಗಬೇಕೆಂದರೆ ಬಸ್ಸಿನ ಸೆಕೆ, ಹಣ್ಣಿನ ತಟ್ಟೆ, ಸೀರೆಯ ಖರ್ಚು, ಜೊತೆಗೆ "ಸಂಬಳ ಎಷ್ಟಾಯ್ತು?" ಎಂದು ಕೇಳುವ ಚಿಕ್ಕಪ್ಪಂದಿರು. ಆದ್ದರಿಂದ ಅವಳ ಗೃಹಪ್ರವೇಶಕ್ಕೆ, "ಪ್ರಪೋಸಲ್ ಇದೆ ಅಮ್ಮಿಣಿ, ನಲವತ್ತು ಗಂಟೆ" ಅಂದ. ಅಪ್ಪನ ತಿಥಿಗೂ ಅದನ್ನೇ ಅಂದ. ಅವಳು ಹೆರಿಗೆ ನೋವು ತಿನ್ನುತ್ತಾ ಆಸ್ಪತ್ರೆಯಿಂದ ಫೋನ್ ಮಾಡಿಸಿದಾಗಲೂ ಅಂದ. ತಂಗಿ ಪಾಪ, ಅಣ್ಣ ದುಡಿದು ಸಾಯ್ತಾ ಇದ್ದಾನೆ ಅಂತ ಮುರುಗನಿಗೆ ಹರಕೆ ಹೊತ್ತಳು.

ಈಗ ಅವಳ ಮಗಳ ಕಿವಿ ಬಾಕಿ ಇತ್ತು. ಕಿವಿ ಚುಚ್ಚಬೇಕಾದರೆ ಮಗು ಸೋದರಮಾವನ ಮಡಿಲಲ್ಲೇ ಕೂರಬೇಕು. ಅಪ್ಪನ ಮಡಿಲು ಆಗದು, ಅಜ್ಜನದೂ ಆಗದು. ಮಾವನಿಗೆ ಪುರುಸೊತ್ತಿಲ್ಲದೆ ಮೂರು ಸಲ ಮುಹೂರ್ತ ಮುಂದೆ ಹೋಗಿ, ಯಾಳಿನಿ ಎರಡನೇ ಕ್ಲಾಸಿಗೆ ಬಂದಿದ್ದಳು. ತನ್ನ ಕಿವಿಯ ಆಮಂತ್ರಣ ಪತ್ರಿಕೆಯನ್ನು ತಾನೇ ಓದಿ ತಪ್ಪು ಹುಡುಕುವಷ್ಟು ದೊಡ್ಡವಳಾಗಿದ್ದಳು. "ಇನ್ನೂ ಸ್ವಲ್ಪ ತಡ ಮಾಡೋಣ, ಕಿವಿ ಚುಚ್ಚೋದೂ ಮದುವೆಯೂ ಒಂದೇ ಛತ್ರದಲ್ಲಿ ಮುಗಿಯುತ್ತೆ" ಎಂದು ಸೆನ್ನಿಯಪ್ಪನ್ ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದ.

ಹೀಗಿರುವಾಗ ಯಜಮಾನ ನಾಚಿಮುತ್ತು ಅವರಿಗೆ ಒಂದು ಆಸೆ ಹುಟ್ಟಿತು. ಪಕ್ಕದ ಕಾರ್ಖಾನೆಯವರು ಯಾವುದೋ ರಿಪೋರ್ಟ್ ಟೂಲ್ ಹಾಕಿಸಿದ್ದಾರಂತೆ, ಯಾವ ಪ್ರಪೋಸಲ್ ಯಾರ ಮೇಜಲ್ಲಿ ಎಷ್ಟು ಹೊತ್ತು ಮಲಗಿದೆ ಎಂದು ಬಣ್ಣಬಣ್ಣದಲ್ಲಿ ತೋರಿಸುತ್ತದಂತೆ, ಸಮಯ ಉಳಿಸುತ್ತದಂತೆ. 'ಉಳಿಸುತ್ತದೆ' ಎಂಬ ಮಾತು ನಾಚಿಮುತ್ತು ಅವರ ಕಿವಿಗೆ ನಾದಸ್ವರದ ಹಾಗೆ ಕೇಳುತ್ತಿತ್ತು. ಲೇತಿನಿಂದ ಉದುರಿದ ಹಿತ್ತಾಳೆ ಚೂರನ್ನು ಶನಿವಾರ ಸಂಜೆ ತಮ್ಮೆದುರಿಗೇ ತೂಗಿಸುವ ಮನುಷ್ಯ ಅವರು. ಉಳಿತಾಯ ಎಂದರೆ ಗುಡ್ಡೆಯಾಗಿ ಕಣ್ಣಿಗೆ ಕಾಣಬೇಕು, ತಕ್ಕಡಿಗೆ ಏರಬೇಕು. ಅವರೂ ದೈವಸಿಗಾಮಣಿಯೂ ಒಂದೇ ಕುಲ, ಒಂದೇ ಕುಲದವರೆಂದರೆ ಅಣ್ಣತಮ್ಮಂದಿರ ಲೆಕ್ಕ. "ನೀವು ನನಗೆ ತಮ್ಮನ ಹಾಗೆ ಕಣ್ರೀ" ಎಂದು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೇಳಿದ್ದರು. ತಮ್ಮಂದಿರಿಗೆ ಸಂಬಳ ಜಾಸ್ತಿ ಕೊಟ್ಟರೆ ಸಂಬಂಧ ಕೆಡುತ್ತದೆ ಎಂದು ಅವರ ನಂಬಿಕೆ. ಸಂಬಂಧ ಬಹಳ ಚೆನ್ನಾಗಿತ್ತು.

ಟೂಲ್ ಹಾಕಲು ಚೆನ್ನೈಯಿಂದ ಮೃಣಾಳಿನಿ ಎಂಬ ಹುಡುಗಿ ಬಂದಳು. ಯಜಮಾನರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯತೊಡಗಿದರು.

"ಸಾರ್, ಹಳೇ ಪ್ರಪೋಸಲ್ ಎಲ್ಲಾ ಇದರಲ್ಲಿ ತುಂಬಿಟ್ಟಿದ್ದೀನಿ. ಪಾರ್ಟಿ ಹೆಸರು ಹಾಕಿದ್ರೆ ಪುಟಗಳನ್ನ ಅದೇ ಜೋಡಿಸಿಕೊಳ್ಳುತ್ತೆ" ಎಂದಳು ಮೃಣಾಳಿನಿ. "ಎಷ್ಟು ಸಮಯ ಉಳೀತು ಅಂತ ವಾರವಾರ ರಿಪೋರ್ಟೂ ಕೊಡುತ್ತೆ. ಅದಕ್ಕೊಂದೇ ವಿಷಯ ಬೇಕು. ಹಿಂದೆ ಒಂದು ಪ್ರಪೋಸಲ್‌ಗೆ ಎಷ್ಟು ಗಂಟೆ ಹಿಡೀತಿತ್ತು?"

'ನಾಲ್ಕು' ಎಂಬ ಸತ್ಯ ದೈವಸಿಗಾಮಣಿಯ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಪಕ್ಕದಲ್ಲಿ ಕಡಲೆಕಾಯಿ ಚಟ್ ಎಂದಿತು. ನಾಲ್ಕು ಅಂದರೆ, ಉಳಿದ ಹೊತ್ತೆಲ್ಲ ಏನು ಕಡಿಯುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ.

"ನಲವತ್ತು" ಅಂದ.

"ನಲವತ್ತಾ ಸಾರ್?"

"ಕಡಿಮೆ ಅಂದ್ರೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ."

ಮಳೆಗೂ ಪ್ರಪೋಸಲ್‌ಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಹುಡುಗಿ ನಲವತ್ತು ಎಂದು ಒತ್ತಿದಳು. ಯಂತ್ರ ನಂಬಿತು. ಯಂತ್ರಕ್ಕೆ ಮನುಷ್ಯರ ಸಹವಾಸ ಹೊಸದು ನೋಡಿ, ಹೇಳಿದ್ದೆಲ್ಲ ನಂಬುತ್ತದೆ.

ಆ ವಾರ ಮೂರು ಪ್ರಪೋಸಲ್ ಹೋದವು. ಮೊದಲು ನಾಲ್ಕು ಗಂಟೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಆರು ಗಂಟೆ ಹಿಡಿಯಿತು. ಶುರುಮಾಡಿದಿರಾ, ಎಲ್ಲಿಗೆ ಬಂತು, ಯಾಕೆ ನಿಂತಿತು, ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಟೂಲು ಅತ್ತೆಯ ಹಾಗೆ ಗಳಿಗೆಗೊಮ್ಮೆ ಕೇಳುತ್ತಿತ್ತು, ಎಲ್ಲಕ್ಕೂ ಉತ್ತರ ತುಂಬಬೇಕಿತ್ತು. ಆದರೆ ಲೆಕ್ಕಕ್ಕೇನು? ಹಿಂದೆ ನಲವತ್ತು, ಈಗ ಆರು. ಶನಿವಾರ ಸಂಜೆ ತಕ್ಕಡಿಯ ಪಕ್ಕ ನಿಂತಿದ್ದ ಯಜಮಾನರ ಕೈಗೆ ರಿಪೋರ್ಟ್ ಬಂತು. ಹಸಿರು ಬಣ್ಣದಲ್ಲಿ, ಮದುವೆ ಪತ್ರಿಕೆಯಷ್ಟು ಚೆಂದವಾಗಿ, 'ಈ ವಾರ ಉಳಿದ ಸಮಯ: ನೂರ ಎರಡು ಗಂಟೆ' ಎಂದಿತ್ತು.

ಯಜಮಾನರು ಎರಡು ಸಲ ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಹಿತ್ತಾಳೆಯ ಗುಡ್ಡೆಯನ್ನೊಮ್ಮೆ, ದೈವಸಿಗಾಮಣಿಯನ್ನೊಮ್ಮೆ ನೋಡಿದರು.

"ಎಲ್ಲಿ?" ಅಂದರು.

"ಏನು ಅಯ್ಯಾ?"

"ಉಳಿಸಿದ್ದು ಕಣ್ರೀ. ನೂರ ಎರಡು ಗಂಟೆ. ಎಲ್ಲಿ ಇಟ್ಟಿದ್ದೀರಿ?"

"ಅದು ಇಡೋ ಅಂಥದ್ದಲ್ಲ ಅಯ್ಯಾ. ಸಮಯ. ಉಳೀತು, ಆಮೇಲೆ... ಹೋಯ್ತು."

"ಹೋಯ್ತಾ?" ಯಜಮಾನರ ದನಿ ಏರಿತು. "ನನ್ನ ಕಾರ್ಖಾನೇಲಿ ಉಳಿದದ್ದು ಹೋಗೋದು ಅಂದ್ರೇನು? ಯಾರು ತಗೊಂಡು ಹೋದ್ರು?" ಎಂದು ಗೇಟಿನ ಕಾವಲುಗಾರನ ಕಡೆ ತಿರುಗಿದರು. "ಏನ್ರೀ, ಹೋಗೋರ ಚೀಲ ಸರಿಯಾಗಿ ನೋಡ್ತಾ ಇದ್ದೀರೇನ್ರೀ?"

ಕಾವಲುಗಾರ ಸೆಲ್ಯೂಟ್ ಹೊಡೆದು, "ಊಟದ ಡಬ್ಬಿ ಕೂಡ ಬಿಚ್ಚಿಸಿ ನೋಡ್ತೀನಿ ಅಯ್ಯಾ, ಈ ಗೇಟಿಂದ ಒಂದು ಗಂಟೆಯೂ ಆಚೆ ಹೋಗಿಲ್ಲ" ಎಂದು ಪ್ರಮಾಣ ಮಾಡಿದ.

"ಹಾಗಾದ್ರೆ ಒಳಗೇ ಇದೆ ಅಂತ ಆಯ್ತು" ಎಂದು ಯಜಮಾನರು ದೈವಸಿಗಾಮಣಿಯ ಕಡೆ ತಿರುಗಿ ತೀರ್ಪು ಕೊಟ್ಟರು. "ಮಣಿ, ಉಳಿದದ್ದು ಕಾರ್ಖಾನೆಗೆ ಸೇರಿದ್ದು. ಸೋಮವಾರ ನನ್ನ ತಾಯೀನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿ. ಮಂಗಳವಾರ ಪೊಳ್ಳಾಚಿ ತೋಟದಲ್ಲಿ ತೆಂಗಿನಕಾಯಿ ಎಣಿಸಿ. ಆಮೇಲೆ ಕ್ಯಾಂಟೀನಲ್ಲಿ ಸಾಂಬಾರ್ ನೀರಾಗಿದೆ ಅಂತ ದೂರು ಬಂದಿದೆ, ದಿನಾ ನೀವೇ ರುಚಿ ನೋಡಿ ಬಿಡಬೇಕು. ಎಲ್ಲಾ ಸೇರಿ ಹತ್ತಿಪ್ಪತ್ತು ಗಂಟೆ ಆಗಬಹುದು. ಉಳಿದದ್ದರ ಬಗ್ಗೆ ಯೋಚನೆ ಮಾಡ್ತೀನಿ."

ಅಷ್ಟಕ್ಕೇ ಬಿಟ್ಟಿದ್ದರೆ ದೈವಸಿಗಾಮಣಿ ಹೇಗೋ ಸಂಭಾಳಿಸುತ್ತಿದ್ದ. ಆದರೆ ರಿಪೋರ್ಟು ಅವನ ಫೋಟೋ ಸಮೇತ ಕಾರ್ಖಾನೆಯ ವಾಟ್ಸಾಪ್ ಗುಂಪಿಗೆ ಹೋಯಿತು. ಫೋಟೋದಲ್ಲಿ ಕಣ್ಣು ಮುಚ್ಚಿತ್ತು, ಕೆಳಗೆ 'ಸಮಯ ಉಳಿಸಿದ ಸರದಾರ' ಎಂದಿತ್ತು. ಗುಂಪಿನಲ್ಲಿ ಪೆಟ್ಟಿಗೆ ಸೆನ್ನಿಯಪ್ಪನ್ ಇದ್ದ. ಸೆನ್ನಿಯಪ್ಪನ್ ಒಬ್ಬನಿಗೆ ತಿಳಿದರೆ ತಿರುಪ್ಪೂರಿನಿಂದ ಕರೂರಿನವರೆಗೆ ತಿಳಿದ ಹಾಗೆ.

ಮನೆಗೆ ಬಂದಾಗ ಹೆಂಡತಿ ಪೂಂಗೊಡಿ ಬಾಗಿಲಲ್ಲೇ ನಿಂತಿದ್ದಳು.

"ಏನ್ರೀ, ನೂರ ಎರಡು ಗಂಟೆ ಉಳಿಸಿದ್ದೀರಂತೆ?"

"ಆಫೀಸಿನ ಲೆಕ್ಕ ಕಣೇ ಅದು."

"ಲೆಕ್ಕ ಯಾವುದೋ ಆಗಲಿ. ಉಳಿಸಿದೋರು ಮನೆಗೆ ತರಬೇಕಾ ಬೇಡವಾ? ಈ ವಾರ ನೀವು ಮನೇಲಿ ಇದ್ದದ್ದು ನಿದ್ದೆಗೆ ಮಾತ್ರ. ಹಾಗಾದ್ರೆ ಆ ನೂರ ಎರಡು ಗಂಟೆ ಎಲ್ಲಿ, ಯಾರ ಜೊತೆ ಕಳೆದ್ರಿ?"

"ಅಯ್ಯೋ ಮಾರಾಯ್ತಿ, ಅದು ನಿಜವಾಗಿ ಇಲ್ಲವೇ ಇಲ್ಲ!"

"ಹಾಗೇ ಹೇಳ್ತಾರೆ ಎಲ್ಲರೂ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರವಳು? ಹೆಸರಾದರೂ ಹೇಳಿ. ಆ ಚೆನ್ನೈ ಹುಡುಗಿ ತಾನೇ?"

ಕೊನೆಗೆ ದೈವಸಿಗಾಮಣಿ, "ಆ ಹೊತ್ತನ್ನೆಲ್ಲ ಯಜಮಾನರ ತಾಯಿಗೆ ಕೊಟ್ಟುಬಿಟ್ಟಿದ್ದೀನಿ" ಎಂದು ಕರ್ಪೂರ ಹಚ್ಚಿ ಆಣೆ ಇಟ್ಟ. ಮುದುಕಿಗೆ ಎಂಬತ್ತು ದಾಟಿದ್ದರಿಂದ ಪೂಂಗೊಡಿ ಅರ್ಧ ಸಮಾಧಾನವಾದಳು.

ಅಷ್ಟರಲ್ಲಿ ಬೀದಿ ಸಂಘದ ಕಾರ್ಯದರ್ಶಿ ಅರಂಗನಾಥನ್ ಬಂದರು. ವಿದ್ಯುತ್ ಇಲಾಖೆಯಲ್ಲಿ ನಿವೃತ್ತರಾದವರು, ಇಡೀ ಬೀದಿಯಲ್ಲಿ ನಿಜವಾಗಿ ಪುರುಸೊತ್ತಿದ್ದದ್ದು ಅವರೊಬ್ಬರಿಗೇ. "ಮಣಿ, ನಿಮ್ಮ ಹತ್ರ ಸಮಯ ಮಿಕ್ಕಿದೆ ಅಂತ ಕೇಳ್ದೆ. ನೀರಿನ ಲಾರಿ ಬಂದಾಗ ಸಾಲು ನೋಡಿಕೊಳ್ಳೋಕೆ ಒಬ್ಬರು ಬೇಕಾಗಿತ್ತು. ನನಗೆ ಎಲ್ಲಿದೆ ಹೇಳಿ ಸಮಯ?" ಎಂದು ಪಟ್ಟಾಗಿ ಕೂತು ಎರಡು ಲೋಟ ಕಾಫಿ ಕುಡಿದು, ಸಂಜೆಯೆಲ್ಲ ತಮಗೆ ಸಮಯವಿಲ್ಲದ್ದನ್ನೇ ವಿವರಿಸಿದರು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ, ಹಾಗೆ. ಅವರು ಎದ್ದು ಹೋಗುತ್ತಲೇ ಕಂಗೇಯಂನಿಂದ ಫೋನು.

"ಅಣ್ಣ!" ತಂಗಿಯ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ನಿನ್ನ ಕಷ್ಟ ಕಳೀತಂತಲ್ಲ! ಮುರುಗ ಕಣ್ಣು ಬಿಟ್ಟ. ಬರೋ ವಾರ ಬಿಟ್ಟು ಅದರಾಚೆ ಬುಧವಾರ ಮುಹೂರ್ತ ಇಡಿಸಿದ್ದೀವಿ. ಹನ್ನೆರಡಕ್ಕೆ ರಾಹುಕಾಲ ಶುರು, ಅದರೊಳಗೆ ಯಾಳಿನಿ ಕಿವಿ ಚುಚ್ಚಬೇಕು."

"ಅಮ್ಮಿಣಿ, ಒಂದು ಪ್ರಪೋಸಲ್..."

"ಇನ್ನು ಆ ಮಾತು ಆಡಬೇಡ!" ಸಂತೋಷ ಅಲ್ಲಿಗೇ ನಿಂತಿತು. "ಇಷ್ಟು ವರ್ಷ ನಲವತ್ತು ಗಂಟೆ ಅಂದೆ, ನಾನು ಒಂದು ಮಾತು ಎದುರು ಆಡಿದ್ದೀನಾ? ಅತ್ತೆ ಮನೇಲಿ ಎಲ್ಲರೂ ನಕ್ಕರು, ನಾನು ನಿನ್ನ ಬಿಟ್ಟುಕೊಡಲಿಲ್ಲ. ಈಗ ಗಂಟೆಗಟ್ಟಲೆ ಉಳಿಸಿಟ್ಕೊಂಡೂ ಬರಲಿಲ್ಲ ಅಂದ್ರೆ, ನಮ್ಮ ಕುಲದಲ್ಲಿ ಬೇರೆ ಅಣ್ಣಂದಿರಿಲ್ವಾ? ಯಾರನ್ನಾದರೂ ಕರೆದು ಕೂರಿಸ್ತೀನಿ. ಆಮೇಲೆ ನಿನಗೆ ತಂಗಿ ಇಲ್ಲ, ನನಗೆ ಅಣ್ಣ ಇಲ್ಲ."

ಫೋನಿಟ್ಟು ದೈವಸಿಗಾಮಣಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ಬುಧವಾರ ಹುಡುಕಿದ. ತಂಗಿಯ ಮೇಲೆ ಅವನಿಗೆ ಪ್ರೀತಿ ಇತ್ತು. ಬಸ್ಸಿನ ಮೇಲೆ ಇರಲಿಲ್ಲ ಅಷ್ಟೇ. ಏನಾದರಾಗಲಿ, ಈ ಸಲ ಹೋಗಿಯೇ ಹೋಗುತ್ತೇನೆ ಎಂದು ತೀರ್ಮಾನಿಸಿದ.

ಮರುವಾರ ಅವನು ಒಂದು ಉಪಾಯ ಹೂಡಿದ. ಕೆಲಸವನ್ನು ಆದಷ್ಟೂ ಎಳೆದರೆ ಉಳಿತಾಯ ತಗ್ಗುತ್ತದೆ, ಮೇಲೆ ಬಿದ್ದ ಕಣ್ಣೂ ತಗ್ಗುತ್ತದೆ. ಆದರೆ ಎಳೆಯಲು ಹೊತ್ತು ಬೇಕಲ್ಲ! ಕಣ್ಣಾಸ್ಪತ್ರೆಯಲ್ಲಿ ಮುದುಕಿ ತನ್ನ ಕಣ್ಣಿಗಿಂತ ಹೆಚ್ಚಾಗಿ ತನ್ನ ಸೊಸೆಯ ಬಗ್ಗೆ ಡಾಕ್ಟರಿಗೆ ಹೇಳಿದಳು. ತೋಟದಲ್ಲಿ ಎಣಿಸುತ್ತಿದ್ದಂತೆ ಮೇಲಿನಿಂದ ಕಾಯಿ ಬಿದ್ದು ಎಣಿಕೆ ತಪ್ಪುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ದೈವಸಿಗಾಮಣಿ ನಿಜವಾಗಿಯೂ ದುಡಿದ. ದುಡಿದರೆ ಬೆವರು ಬರುತ್ತದೆ ಎಂಬುದೂ ಆಗಲೇ ತಿಳಿಯಿತು.

ಯಜಮಾನರ ಆಜ್ಞೆಯಂತೆ ಈ ಕೆಲಸಗಳೂ ಟೂಲಿಗೆ ಹೋದವು. ಹಿಂದೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಮೃಣಾಳಿನಿ ಎಲ್ಲರನ್ನೂ ಕೇಳಿದಳು. ಕಾರಿನ ಡ್ರೈವರು, "ದೊಡ್ಡಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಎರಡು ದಿನದ ಕೆಲಸ ಮೇಡಂ" ಅಂದ. ತೋಟದವನು, "ಎಣಿಕೆಗೆ ಹತ್ತು ದಿನ ಬೇಕು, ಅದೂ ಗಾಳಿ ಬೀಸದ ಹತ್ತು ದಿನ" ಅಂದ. ಕ್ಯಾಂಟೀನಿನ ಅಡಿಗೆಯವನು ಸಾಂಬಾರಿನ ರುಚಿ ನೋಡುವುದಕ್ಕೆ ಇಡೀ ಬೆಳಿಗ್ಗೆ ಹಿಡಿಯುತ್ತದೆ ಅಂದ. ಅವನ ಹೊಟ್ಟೆ ನೋಡಿದರೆ ಅದೊಂದು ಮಾತ್ರ ನಿಜವಿರಬೇಕು. ಕಡಿಮೆ ಹೇಳಿದರೆ ಕೆಲಸ ಹೋಗುತ್ತದೆ ಎಂಬ ಬುದ್ಧಿ ದೈವಸಿಗಾಮಣಿ ಒಬ್ಬನ ಸ್ವತ್ತೇ?

ಎರಡನೇ ಶನಿವಾರದ ರಿಪೋರ್ಟು ಬಂತು. ಮುನ್ನೂರು ಗಂಟೆಯ ಮೇಲೆ.

ಯಜಮಾನರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಹಗಲು ರಾತ್ರಿ ಎಲ್ಲಾ ಸೇರಿಸಿದ್ರೂ ವಾರಕ್ಕೆ ನೂರ ಅರವತ್ತೆಂಟೇ ಗಂಟೆ ಅಲ್ವೇನಮ್ಮ?"

ಮೃಣಾಳಿನಿಯ ಮುಖ ಕೆಂಪಾಯಿತು. "ಹೌದು ಸಾರ್. ಎಲ್ಲೋ ಏನೋ ತಪ್ಪಾಗಿ..."

"ತಪ್ಪಾ? ಛೇ ಛೇ! ದೇವರು ಕೊಟ್ಟದ್ದಕ್ಕಿಂತ ಜಾಸ್ತಿ ಉಳಿಸಿದ್ದೀವಿ ಅಂತ ಆಯ್ತು. ನಮ್ಮ ಅಪ್ಪ ಕೂಡ ಇಷ್ಟು ಉಳಿಸಿರಲಿಲ್ಲ!" ಯಜಮಾನರ ಕಣ್ಣಲ್ಲಿ ನೀರಾಡಿತು. "ಅಮ್ಮ, ನಷ್ಟ ಬಂದ್ರೆ ಲೆಕ್ಕ ಕೇಳಬೇಕು. ಉಳಿತಾಯ ಬಂದ್ರೆ ಕೈ ಮುಗೀಬೇಕು."

ಕೈ ಮುಗಿದು ಸುಮ್ಮನಿದ್ದರೆ ಪುಣ್ಯವಿತ್ತು. ಕುಡಿಯುವ ನೀರಿನ ದೊಡ್ಡ ಟೆಂಡರ್ ಕರೆದಿದ್ದ ಒಂದು ಪುರಸಭೆಯ ಎಂಜಿನಿಯರ್ ಸೌಂದರಪಾಂಡಿಯನ್ ಅವರಿಗೆ ಫೋನ್ ಮಾಡಿ ಜಂಬ ಕೊಚ್ಚಿದರು. ಎಂಜಿನಿಯರ್, "ನಲವತ್ತು ಗಂಟೆ ಕೆಲಸ ಆರು ಗಂಟೇಲಾ? ಕಣ್ಣಾರೆ ನೋಡಬೇಕಲ್ಲ. ಬುಧವಾರ ಬರ್ತೀನಿ" ಎಂದರು.

ದೈವಸಿಗಾಮಣಿ ಹೆದರುತ್ತಾ ಯಜಮಾನರ ಕೋಣೆಗೆ ಹೋದ. "ಅಯ್ಯಾ, ಬುಧವಾರ ಒಂದು ದಿನ ರಜೆ ಬೇಕಾಗಿತ್ತು. ತಂಗಿ ಮಗಳ ಕಿವಿ ಚುಚ್ಚೋದು."

"ರಜೆನಾ? ಮುನ್ನೂರು ಗಂಟೆ ಇಟ್ಕೊಂಡು ರಜೆ ಕೇಳ್ತೀರಲ್ರೀ! ತುಂಬಿದ ಬಾವಿ ಕಟ್ಟೆ ಮೇಲೆ ಕೂತು ಬಾಯಾರಿಕೆ ಅಂದ ಹಾಗಾಯ್ತು."

"ಹಾಗಾದ್ರೆ ಹೋಗಿ ಬರಲಾ ಅಯ್ಯಾ?"

"ಅದು ಹೇಗಾಗುತ್ತೆ? ಎಂಜಿನಿಯರ್ ಎದುರಿಗೆ ಕೂತು ನೀವು ಸಮಯ ಉಳಿಸಿ ತೋರಿಸಬೇಡವಾ? ಮೊದಲು ಉಳಿಸಿ, ಆಮೇಲೆ ಹೋಗಿ. ನನಗೂ ಸೆನ್ನಿಯಪ್ಪನ್ ಪತ್ರಿಕೆ ಕೊಟ್ಟಿದ್ದಾನೆ, ನಾನು ಹೋಗ್ತಾ ಇದ್ದೀನಾ?"

ನಿಜ ಹೇಳಿಬಿಡೋಣ ಎಂದುಕೊಂಡ ದೈವಸಿಗಾಮಣಿ, "ಆಗಲಿ ಅಯ್ಯಾ" ಎಂದು ಹೊರಗೆ ಬಂದ. ಆದರೆ ಮಂಗಳವಾರ ಹಣ್ಣು, ಬೆಲ್ಲ, ರೇಷ್ಮೆ ಲಂಗ, ಚಿನ್ನದ ಓಲೆ ಎಲ್ಲ ತಂದಿಟ್ಟು, ಬುಧವಾರ ಕತ್ತಲು ಹರಿಯುವ ಮೊದಲೇ ಹೆಂಡತಿಯೊಂದಿಗೆ ಕಂಗೇಯಂ ಬಸ್ಸು ಹತ್ತಿದ. ಫೋನನ್ನು ಆರಿಸಿ ಹಣ್ಣಿನ ಬುಟ್ಟಿಯ ತಳಕ್ಕೆ ತುರುಕಿದ. ತನ್ನ ಆಯಸ್ಸಿನಲ್ಲೇ ಅವನು ಅಷ್ಟು ಧೈರ್ಯದ ಕೆಲಸ ಮಾಡಿರಲಿಲ್ಲ.

ಊರಾಚೆಯ ಅಮ್ಮನ ಗುಡಿಯಲ್ಲಿ ಪೆಂಡಾಲು ಹಾಕಿತ್ತು, ಹಿಂದುಗಡೆ ಕುರಿ ಬೇಯುತ್ತಿತ್ತು. ಅಣ್ಣ ಬಸ್ಸಿಳಿದದ್ದು ಕಂಡು ಸೆಲ್ವನಾಯಕಿ ಓಡಿ ಬಂದಳು. ಹಣ್ಣಿನ ತಟ್ಟೆ ಹೊತ್ತ ಅವನ ಕೈ ಹಿಡಿದುಕೊಂಡು ಅತ್ತೆಯ ಮುಂದೆ ನಿಲ್ಲಿಸಿ, "ನೋಡಿ ಅತ್ತೆ, ಬರಲ್ಲ ಅಂದ್ರಲ್ಲ, ನನ್ನ ಅಣ್ಣ!" ಅಂದಳು. ಅವಳ ಮುಖ ನೋಡಿದ ದೈವಸಿಗಾಮಣಿಗೆ, ಇಷ್ಟು ವರ್ಷ ಯಾಕಾದರೂ ಬರಲಿಲ್ಲವೋ ಅನ್ನಿಸಿತು. ಅನ್ನಿಸಿದ್ದು ಒಳ್ಳೆಯದೇ, ಸ್ವಲ್ಪ ತಡವಾಗಿತ್ತು ಅಷ್ಟೇ. ಬಂಧುಗಳು ಸುತ್ತುವರಿದರು. ಒಬ್ಬ ಚಿಕ್ಕಪ್ಪ ತನ್ನ ಜಮೀನಿನ ಕೇಸಿಗೆ ಅವನು ವಾರಕ್ಕೊಮ್ಮೆ ಈರೋಡಿಗೆ ಹೋಗಿಬಂದರೆ ಸಾಕು ಅಂದರು. ಅಲಂಕಾರ ಮಾಡಿಕೊಂಡು ಕೂತಿದ್ದ ಯಾಳಿನಿ, "ಮಾಮ, ನಿಮ್ಮ ಹತ್ರ ತುಂಬಾ ಗಂಟೆ ಇದೆಯಂತೆ. ನನ್ನ ಹೋಂವರ್ಕ್ ಬರೆದುಕೊಟ್ರೆ ಮಾತ್ರ ಕಿವಿ ಕೊಡ್ತೀನಿ" ಎಂದು ಕರಾರು ಹಾಕಿದಳು. ಅವನು ಎಲ್ಲದಕ್ಕೂ ತಲೆಯಾಡಿಸಿದ.

ಮಗು ಮಡಿಲಿಗೆ ಬಂತು. ಅಕ್ಕಸಾಲಿ ಪೆಟ್ಟಿಗೆ ಬಿಚ್ಚಿ ಸೂಜಿಯಂಥ ತಂತಿ ತೆಗೆದ. ಅಷ್ಟರಲ್ಲಿ ಪೆಂಡಾಲಿನ ಮುಂದೆ ಧೂಳೆಬ್ಬಿಸುತ್ತ ಕಾರೊಂದು ನಿಂತಿತು. ನಾಚಿಮುತ್ತು ಇಳಿದರು, ಹಿಂದೆ ಎಂಜಿನಿಯರ್ ಸೌಂದರಪಾಂಡಿಯನ್, ಅವರ ಹಿಂದೆ ಲ್ಯಾಪ್‌ಟಾಪ್ ಅಪ್ಪಿಕೊಂಡ ಮೃಣಾಳಿನಿ.

"ಇಲ್ಲಿದ್ದೀರಾ ಮಣಿ! ಪತ್ರಿಕೇಲಿ ವಿಳಾಸ ಇದ್ದದ್ದು ಒಳ್ಳೇದಾಯ್ತು" ಎಂದರು ಯಜಮಾನರು, ಸ್ವಲ್ಪವೂ ಸಿಟ್ಟಿಲ್ಲದೆ. ಕೊಯಮತ್ತೂರಿನವರು ಕುತ್ತಿಗೆ ಹಿಸುಕುವಾಗಲೂ ಬಹುವಚನ ಬಿಡುವುದಿಲ್ಲ. "ಏಳಬೇಡಿ, ಏಳಬೇಡಿ. ಮಡಿಲಲ್ಲಿ ಮಗು ಇರಲಿ, ಕೈ ಖಾಲಿ ಇದೆಯಲ್ಲ? ಸಾರ್‌ಗೆ ಇಲ್ಲೇ ಒಂದು ಪ್ರಪೋಸಲ್ ಮಾಡಿ ತೋರಿಸಿಬಿಡಿ" ಎಂದು ಲ್ಯಾಪ್‌ಟಾಪನ್ನು ಅವನ ಇನ್ನೊಂದು ಮಂಡಿಯ ಮೇಲಿಟ್ಟರು.

"ಅಣ್ಣ, ಏನಿದು?" ಎಂದಳು ಸೆಲ್ವನಾಯಕಿ.

"ಆರೇ ಆರು ಗಂಟೆ ಕಣಮ್ಮ" ಎಂದು ಯಜಮಾನರು ಸಮಾಧಾನ ಹೇಳಿದರು. "ಹಿಂದೆ ಆಗಿದ್ರೆ ನಲವತ್ತು."

"ಆರು ಗಂಟೆನಾ!" ಅಕ್ಕಸಾಲಿ ಕೂಗಿದ. "ಇನ್ನೇನು ರಾಹುಕಾಲ ಬಂತು! ಆ ಡಬ್ಬಿ ತೆಗೀರಿ, ನನಗೆ ಕಿವಿ ಕಾಣ್ತಾ ಇಲ್ಲ!" ಯಾಳಿನಿ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಕೀಲಿಗಳನ್ನು ಒತ್ತುತ್ತಿದ್ದಳು. ಪರದೆಯ ಮೇಲೆ 'ಯಾರಿಗಾಗಿ ಕಾಯುತ್ತಿದ್ದೀರಿ?' ಎಂಬ ಪ್ರಶ್ನೆ ಬಂತು.

ದೈವಸಿಗಾಮಣಿ ತಂಗಿಯನ್ನು ನೋಡಿದ. ಅವಳ ಕಣ್ಣು ತುಂಬುತ್ತಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗೆ ಇಷ್ಟು ದಿನ ಇದ್ದವನಿಗೆ ಆ ಕ್ಷಣ ಎಲ್ಲಿಂದಲೋ ಗಂಡಸುತನ ಬಂತು. ತಂಗಿಗೋಸ್ಕರ ಕೆಲಸ ಹೋದರೂ ಹೋಗಲಿ!

"ನಲವತ್ತು ಗಂಟೆ ಸುಳ್ಳು!" ಎಂದು ಕಿರುಚಿದ. "ಯಾವತ್ತೂ ನಲವತ್ತು ಇರಲಿಲ್ಲ ಅಯ್ಯಾ! ನಾಲ್ಕೇ ಗಂಟೆ! ಹನ್ನೊಂದು ವರ್ಷದಿಂದಲೂ ನಾಲ್ಕೇ! ಬೆಳಿಗ್ಗೆ ಕೂತರೆ ಊಟಕ್ಕೆ ಮುಂಚೆ ಮುಗೀತಿತ್ತು! ಏನೂ ಉಳಿದಿಲ್ಲ, ಇದನ್ನ ತೆಗೀರಿ!"

ಬಂಧುಗಳೆಲ್ಲ ಯಜಮಾನರ ಕಡೆ ತಿರುಗಿದರು. ಈಗ ಸಿಡಿಲು ಬೀಳುತ್ತದೆಂದು ದೈವಸಿಗಾಮಣಿ ಕಣ್ಣು ಮುಚ್ಚಿದ.

ನಾಚಿಮುತ್ತು ನಿಧಾನವಾಗಿ ಕನ್ನಡಕ ತೆಗೆದರು. "ನಾಲ್ಕು ಗಂಟೆ ಅಂತ ನನಗೆ ಗೊತ್ತಿರಲಿಲ್ಲ ಅಂದ್ಕೊಂಡ್ರಾ? ಹನ್ನೊಂದು ವರ್ಷದಿಂದ ನಾಲ್ಕು ಗಂಟೆಯ ಸಂಬಳವನ್ನೇ ಕೊಡ್ತಾ ಇದ್ದೀನಲ್ರೀ. ಆದ್ರೆ ಯಂತ್ರದ ರಿಪೋರ್ಟೇ ನಲವತ್ತು ಅಂದಾಗ, ನಾನೇ ತಪ್ಪಿದೆನೇನೋ ಅಂತ ಒಂದಿಷ್ಟು ನಾಚಿಕೆ ಆಗಿತ್ತು. ಈಗ ಮನಸ್ಸು ಹಗುರಾಯ್ತು ನೋಡಿ" ಎಂದು ಎದೆ ಸವರಿಕೊಂಡರು.

ಎಂಜಿನಿಯರ್ ಸೌಂದರಪಾಂಡಿಯನ್ ಸಹಾನುಭೂತಿಯಿಂದ ಬಾಗಿದರು. "ನೀವು ಸುಳ್ಳು ಅಂತ ಯಾಕೆ ಹೇಳ್ತೀರಿ ಸಾರ್? ನಮ್ಮಲ್ಲಿ ಇದಕ್ಕೆ ಅಂದಾಜು ಅಂತಾರೆ. ಟೆಂಡರ್ ವಿಷಯ ಊಟ ಆದ್ಮೇಲೆ ಮಾತಾಡೋಣ, ಮಸಾಲೆ ವಾಸನೆ ಬರ್ತಾ ಇದೆ." ಮೃಣಾಳಿನಿ ಲ್ಯಾಪ್‌ಟಾಪ್ ತೆಗೆದುಕೊಂಡು ಮುಚ್ಚಿದಳು.

ಕೆಲಸ ಉಳಿಯಿತು! ದೈವಸಿಗಾಮಣಿಗೆ ಹೋದ ಜೀವ ಬಂದಂತಾಯಿತು. ನಗುತ್ತಾ ಅಕ್ಕಸಾಲಿಯ ಕಡೆ ತಿರುಗಿ, "ಹೂಂ, ಈಗ ಚುಚ್ಚಿ ಆಚಾರ್ರೇ" ಅಂದ.

"ಅಣ್ಣ" ಎಂದಳು ಸೆಲ್ವನಾಯಕಿ. ದನಿ ತಣ್ಣಗಿತ್ತು. "ಏಳು."

"ಯಾಕಮ್ಮಿಣಿ?"

"ಏಳು ಅಂದೆ." ಮಗುವನ್ನು ಅವನ ಮಡಿಲಿಂದ ಎತ್ತಿಕೊಂಡು ಅವಳು ನಾಚಿಮುತ್ತು ಅವರ ಕಡೆ ತಿರುಗಿದಳು. "ನೀವೂ ನಮ್ಮ ಕುಲದವರೇ ಅಲ್ವಾ? ನನಗೆ ಅಣ್ಣನೇ ಆಗಬೇಕು. ಬನ್ನಿ, ಕೂತ್ಕೊಳ್ಳಿ. ರಾಹುಕಾಲ ಬರುತ್ತೆ."

ಅತ್ತೆ ಏನೋ ಅನ್ನಲು ಬಂದವಳು ಸೊಸೆಯ ಮುಖ ನೋಡಿ ಜಮಖಾನೆಯ ಸುಕ್ಕು ಬಿಡಿಸಿದಳು. ಪುಕ್ಕಟೆ ಬಂದ ಗೌರವವನ್ನು ಬಿಡುವ ಪೈಕಿ ನಾಚಿಮುತ್ತು ಅಲ್ಲ. ಪಂಚೆ ಸರಿಮಾಡಿಕೊಂಡು ಜಮಖಾನೆಯ ಮೇಲೆ ಪಟ್ಟಾಗಿ ಕೂತರು. ಅಕ್ಕಸಾಲಿ ಚುಚ್ಚಿದ, ಯಾಳಿನಿ ಊರು ಕಿತ್ತುಹೋಗುವ ಹಾಗೆ ಅತ್ತಳು, ಹೆಂಗಸರು ನಾಲಿಗೆ ಆಡಿಸಿ ಕುಲವೆ ಹಾಕಿದರು. ದೈವಸಿಗಾಮಣಿ ತಂದ ಓಲೆ ನಾಚಿಮುತ್ತು ಅವರ ಕೈಯಿಂದ ಮಗುವಿನ ಕಿವಿಗೇರಿತು. ದೈವಸಿಗಾಮಣಿ ಕಂಬದ ಪಕ್ಕ ನಿಂತು ನೋಡಿದ. ಪೂಂಗೊಡಿ ಕೂಡ ಅವನ ಹತ್ತಿರ ನಿಲ್ಲಲಿಲ್ಲ.

ಊಟಕ್ಕೆ ಎಲೆ ಬಿತ್ತು. ಯಾರೂ ಕರೆಯದಿದ್ದರೂ ಅವನು ಬಕೆಟ್ಟು ಹಿಡಿದು ಸಾರು ಬಡಿಸತೊಡಗಿದ. ಎಂಜಿನಿಯರಿಗೆ ಬಡಿಸಿದ, ಯಜಮಾನರಿಗೆ ಎರಡು ಸಲ ಬಡಿಸಿದ. ಕೊನೆಯ ಪಂಕ್ತಿಯಲ್ಲಿ, ಅತ್ತು ಸುಸ್ತಾಗಿ ನಿದ್ದೆ ಹೋದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸೆಲ್ವನಾಯಕಿ ಕೂತಿದ್ದಳು. ಅವನು ಸೌಟು ಎತ್ತಿದೊಡನೆ ಎಲೆಗೆ ಕೈ ಅಡ್ಡ ಹಿಡಿದಳು.

"ಬೇಡ ಅಣ್ಣ. ನೀನು ಹೊರಡು. ಪ್ರಪೋಸಲ್ ಇರುತ್ತೆ ನಿನಗೆ."

"ಇಲ್ಲ ಅಮ್ಮಿಣಿ" ಎಂದ ದೈವಸಿಗಾಮಣಿ. ಸೌಟನ್ನು ಬಕೆಟ್ಟಿಗೆ ಇಳಿಸಿದ. "ಇವತ್ತು ನನಗೆ ಯಾವ ಕೆಲಸವೂ ಇಲ್ಲ."

ಸೆಲ್ವನಾಯಕಿ ಮಗಳ ತಲೆ ಸವರುತ್ತಾ ಹೇಳಿದಳು:

"ಇವಳು ಹುಟ್ಟಿದ ದಿನವೂ ಕೆಲಸ ಇರಲಿಲ್ಲವಲ್ಲ ಅಣ್ಣ."